ಬಿಸಿಲು, ವಿಟಮಿನ್ ಡಿ, ಎಂಎಸ್: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್) ಹೆಚ್ಚಂತೆ. ನರದ ಕಾಯಿಲೆಗೂ ಬಿಸಿಲಿಗೂ ಎಲ್ಲಿಯ ನಂಟು?

ಉತ್ತರ: ಬಹುಮಟ್ಟಿಗೆ ನಿಜ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಕೋಶಗಳೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತವೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ 28 ಲಕ್ಷ ಜನರಿಗೆ, ಅಂದರೆ ಲಕ್ಷಕ್ಕೆ ಸುಮಾರು 36 ಮಂದಿಗೆ ಎಂಎಸ್ ಇದೆ. ಈ ಸರಾಸರಿಯನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ, 59 ಡಿಗ್ರಿ ಅಕ್ಷಾಂಶದಲ್ಲಿರುವ ಆರ್ಕ್ನಿ ದ್ವೀಪಗಳಲ್ಲಿ ಈ ಸಂಖ್ಯೆ ಲಕ್ಷಕ್ಕೆ 400ರಷ್ಟು. ಆಸ್ಟ್ರೇಲಿಯಾದಲ್ಲಿ ದಿಕ್ಕು ತಿರುಗುಮುರುಗು: ತಂಪಾದ ದಕ್ಷಿಣದ ಟಾಸ್ಮೇನಿಯಾದಲ್ಲಿ ಹೆಚ್ಚು, ಬಿಸಿಲಿನ ಉತ್ತರದ ಕ್ವೀನ್ಸ್‌ಲೆಂಡ್‌ನಲ್ಲಿ ಕಡಿಮೆ.

ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬಿಸಿಲಿನಲ್ಲಿರುವ ಯುವಿ-ಬಿ ಎಂಬ ಅತಿನೇರಳೆ ಕಿರಣ ಬೇಕು. ಸೂರ್ಯ ಓರೆಯಾದಾಗ ಈ ಕಿರಣವನ್ನು ವಾತಾವರಣವೇ ಹೀರಿಬಿಡುತ್ತದೆ. 42 ಡಿಗ್ರಿ ಉತ್ತರದಲ್ಲಿರುವ ಬಾಸ್ಟನ್‌ನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಎಷ್ಟು ಹೊತ್ತು ಹೊರಗೆ ನಿಂತರೂ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುವುದಿಲ್ಲ. ರಕ್ಷಣಾ ಕೋಶಗಳಲ್ಲಿ ಈ ಜೀವಸತ್ವವನ್ನು ಗುರುತಿಸುವ ಗ್ರಾಹಕಗಳಿವೆ. ಅತಿರೇಕದ ಉರಿಯೂತಕ್ಕೆ ಅದು ಕಡಿವಾಣ ಹಾಕುತ್ತದೆ. ನಂಟು ಇರುವುದು ಇಲ್ಲಿಯೇ.

ನಕ್ಷೆಯೊಂದನ್ನೇ ನಂಬಬೇಕಿಲ್ಲ. ಅಮೆರಿಕದ ಸೈನಿಕರಿಂದ ಕಾಯಿಲೆ ಬರುವ ಮೊದಲೇ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಳಿಯರ ಪೈಕಿ ವಿಟಮಿನ್ ಡಿ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಲ್ಲಿ, ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರಿಗಿಂತ ಎಂಎಸ್ ಅಪಾಯ 62 ಶೇಕಡಾ ಕಡಿಮೆ ಇತ್ತು. ಕಪ್ಪು ವರ್ಣೀಯರಲ್ಲಿ ಅಂಥ ಸ್ಪಷ್ಟ ಸಂಬಂಧ ಸಿಗಲಿಲ್ಲ. ಈ ಎರಡನೆಯ ಮಾತನ್ನು ಉಲ್ಲೇಖಿಸುವವರು ಕಡಿಮೆ. ಹುಟ್ಟಿನಿಂದಲೇ ವಿಟಮಿನ್ ಡಿ ಕಡಿಮೆ ಇರುವಂಥ ಜೀನ್ ಪಡೆದವರಲ್ಲೂ ಅಪಾಯ ಹೆಚ್ಚೆಂದು ಆಮೇಲೆ ಕಂಡುಬಂತು. ಕಾಯಿಲೆ ಬಂದು ಮನೆಯೊಳಗೇ ಉಳಿದದ್ದರಿಂದ ಮಟ್ಟ ಇಳಿದಿರಬಹುದು ಎಂಬ ವಾದ ಇದರಿಂದ ಸಡಿಲವಾಯಿತು.

ಪ್ರಶ್ನೆ: ದಕ್ಷಿಣ ಏಷ್ಯಾದಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಬಹಳ ಜನರಿಗೆ ವಿಟಮಿನ್ ಡಿ ಕೊರತೆ. ಎಂಎಸ್ ಮಾತ್ರ ಕಡಿಮೆ. ಸಿದ್ಧಾಂತ ಇಲ್ಲಿಗೇ ಕುಸಿಯಲಿಲ್ಲವೇ?

ಉತ್ತರ: ಕುಸಿಯಲಿಲ್ಲ, ಆದರೆ ಅದರ ಮಿತಿ ಬಯಲಾಯಿತು. ವಿಟಮಿನ್ ಡಿ ಕೊರತೆಯೊಂದೇ ಎಂಎಸ್ ತರಿಸುವುದಿಲ್ಲ. ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಒಂದು ರೂಪ ಅಪಾಯವನ್ನು ಸುಮಾರು ಮೂರು ಪಟ್ಟು ಮಾಡುತ್ತದೆ. ಉತ್ತರ ಯುರೋಪಿಯನ್ನರಲ್ಲಿ ಅದು ಹೆಚ್ಚು. ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಅಪಾಯ 32 ಪಟ್ಟು ಏರಿದ್ದನ್ನು 2022ರ ದೊಡ್ಡ ಅಧ್ಯಯನ ತೋರಿಸಿತು. ಬಡ ದೇಶಗಳಲ್ಲಿ ಈ ವೈರಸ್ ಪುಟ್ಟ ವಯಸ್ಸಿನಲ್ಲೇ ತಗಲಿ ಸದ್ದಿಲ್ಲದೆ ಮುಗಿಯುತ್ತದೆ, ಶ್ರೀಮಂತ ದೇಶಗಳಲ್ಲಿ ಎಷ್ಟೋ ಮಂದಿಗೆ ಹರೆಯದಲ್ಲಿ ತಗಲುತ್ತದೆ. ಧೂಮಪಾನ, ಹದಿಹರೆಯದ ಬೊಜ್ಜು ಬೇರೆ. ಇನ್ನೊಂದು ಮಾತು, ಎಂಆರ್‌ಐ ಮತ್ತು ನರರೋಗ ತಜ್ಞರು ವಿರಳವಾಗಿರುವ ಕಡೆ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ.

ಸಿದ್ಧಾಂತಕ್ಕೆ ಒಗ್ಗದ ಊರುಗಳು ಯುರೋಪಿನಲ್ಲೂ ಇವೆ. ಸಾರ್ಡೀನಿಯಾ ದ್ವೀಪ ಮೆಡಿಟರೇನಿಯನ್ ಬಿಸಿಲಿನಲ್ಲಿದ್ದರೂ ಅಲ್ಲಿ ಎಂಎಸ್ ಬಹಳ. ಕಾರಣ ಹೆಚ್ಚಾಗಿ ಜೀನ್‌ಗಳದು. ನಾರ್ವೆಯ ಉತ್ತರದ ಕರಾವಳಿಯಲ್ಲಿ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಕಾಣುವುದಿಲ್ಲ, ಆದರೂ ಅಕ್ಷಾಂಶ ನೋಡಿ ಊಹಿಸಿದಷ್ಟು ಕಾಯಿಲೆ ಇಲ್ಲ. ಕೊಬ್ಬಿನ ಮೀನು, ಕಾಡ್ ಲಿವರ್ ಎಣ್ಣೆಯಿಂದ ವಿಟಮಿನ್ ಡಿ ಸಿಗುವುದು ಒಂದು ಕಾರಣವಿರಬಹುದು. ಬ್ರಿಟನ್ನಿಗೆ ವಲಸೆ ಹೋದ ದಕ್ಷಿಣ ಏಷ್ಯನ್ನರಲ್ಲಿ ಎಂಎಸ್ ಕಡಿಮೆಯಿತ್ತು. ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಅದು ಸ್ಥಳೀಯರ ಮಟ್ಟದ ಹತ್ತಿರಕ್ಕೆ ಏರಿತು. ಜೀನ್ ಬದಲಾಗಲಿಲ್ಲ, ಬಾಲ್ಯದ ಪರಿಸರ ಬದಲಾಯಿತು.

ಪ್ರಶ್ನೆ: ನನ್ನ ವರದಿಯಲ್ಲಿ ವಿಟಮಿನ್ ಡಿ 35, ಹೊರದೇಶದಲ್ಲಿರುವ ತಂಗಿಯದೂ 35. ನನಗೆ ಸಾಕಷ್ಟಿದೆ ಎಂದರು, ಅವಳಿಗೆ ಕೊರತೆ ಎಂದರು. ಯಾರು ಸರಿ?

ಉತ್ತರ: ಇಬ್ಬರೂ. ಅಂಕಿಯ ಪಕ್ಕದ ಮಾನ ನೋಡಿ. ನಿಮ್ಮದು ಮಿಲಿಲೀಟರಿಗೆ 35 ನ್ಯಾನೊಗ್ರಾಂ ಇರಬೇಕು, ಅವರದು ಲೀಟರಿಗೆ 35 ನ್ಯಾನೊಮೋಲ್. ನ್ಯಾನೊಮೋಲನ್ನು 2.5ರಿಂದ ಭಾಗಿಸಿದರೆ ನ್ಯಾನೊಗ್ರಾಂ. ಅಂದರೆ ತಂಗಿಯದು ಬರೀ 14. ಮೂಳೆಯ ಆರೋಗ್ಯಕ್ಕೆ 20 ನ್ಯಾನೊಗ್ರಾಂ ಸಾಕು ಎಂಬುದು ಅಮೆರಿಕದ ತಜ್ಞ ಸಮಿತಿ 2011ರಲ್ಲಿ ಇಟ್ಟ ಗೆರೆ.

ಪರೀಕ್ಷೆ ಮಾಡಿಸುವಾಗ 25-ಹೈಡ್ರಾಕ್ಸಿ ವಿಟಮಿನ್ ಡಿ ಎಂದೇ ಕೇಳಿ. 1,25 ಎಂದಿರುವುದು ಬೇರೆ ಪರೀಕ್ಷೆ, ಕೊರತೆಯಿದ್ದಾಗಲೂ ಅದು ಸರಿಯಾಗಿಯೇ ಕಾಣಬಹುದು. ಮಾತ್ರೆ ಶುರುಮಾಡಿ ಎರಡೇ ವಾರಕ್ಕೆ ಮರುಪರೀಕ್ಷೆ ಮಾಡಿಸುವುದು ದಂಡ. ಮಟ್ಟ ಒಂದು ಕಡೆ ನಿಲ್ಲಲು ಸುಮಾರು ಮೂರು ತಿಂಗಳು ಬೇಕು. ಹೆಚ್ಚಿನ ಪ್ರಮಾಣದ ಬಯೋಟಿನ್ (ಒಂದು ಬಗೆಯ ಬಿ ಜೀವಸತ್ವ) ಸೇವಿಸುವವರಲ್ಲಿ ಕೆಲವು ಯಂತ್ರಗಳು ಇಲ್ಲದ ವಿಟಮಿನ್ ಡಿಯನ್ನು ಇದೆ ಎಂದು ತೋರಿಸುತ್ತವೆ. ರಕ್ತ ಕೊಡುವ ಮುನ್ನ ಅದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಲ್ಯಾಬಿನವರನ್ನು ಕೇಳಿ.

ಪ್ರಶ್ನೆ: ನನಗೆ ಎಂಎಸ್ ಇದೆ. ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಡಿ ತೆಗೆದುಕೊಂಡು ಇಂಜೆಕ್ಷನ್ ನಿಲ್ಲಿಸಬಹುದೇ?

ಉತ್ತರ: ಬೇಡ. ಕಾಯಿಲೆ ಬರುವ ಅಪಾಯ ಬೇರೆ, ಬಂದ ಕಾಯಿಲೆಯ ಚಿಕಿತ್ಸೆ ಬೇರೆ. ಗ್ಲಾಟಿರಾಮರ್ ಎಂಬ ಎಂಎಸ್ ಔಷಧದ ಜೊತೆಗೆ ಕೆಲವರಿಗೆ ದಿನಕ್ಕೆ 5,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ, ಉಳಿದವರಿಗೆ 600 ಐಯು ಕೊಟ್ಟ ಪ್ರಯೋಗದಲ್ಲಿ ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸವಾಗಲಿಲ್ಲ. 2025ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗ ಸ್ವಲ್ಪ ಆಸೆ ಹುಟ್ಟಿಸಿದೆ: ರೋಗ ಆಗಷ್ಟೇ ಶುರುವಾಗಿದ್ದು, ಬೇರೆ ಔಷಧ ಪಡೆಯದಿದ್ದವರಿಗೆ ಎರಡು ವಾರಕ್ಕೊಮ್ಮೆ ಒಂದು ಲಕ್ಷ ಐಯು ಕೊಟ್ಟಾಗ ಎರಡು ವರ್ಷದಲ್ಲಿ ರೋಗ ಚಟುವಟಿಕೆ ಕಂಡದ್ದು 60 ಶೇಕಡಾ ಮಂದಿಯಲ್ಲಿ, ಹುಸಿಮಾತ್ರೆಯವರಲ್ಲಿ 74 ಶೇಕಡಾ. ಆದರೆ ಲಾಭ ಕಂಡದ್ದು ಮುಖ್ಯವಾಗಿ ಎಂಆರ್‌ಐಯಲ್ಲಿ. ನೂರಕ್ಕೆ 60 ಮಂದಿಯಲ್ಲಿ ಕಾಯಿಲೆ ಮುಂದುವರಿದದ್ದನ್ನೂ ಮರೆಯಬೇಡಿ.

ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4,000 ಐಯು ಮೀರಬಾರದು. ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಆಯಾಸ, ಮೂತ್ರದ ತೊಂದರೆಗಳನ್ನು ಎಂಎಸ್‌ನದೇ ಎಂದುಕೊಂಡು ಸುಮ್ಮನಾಗುವ ಅಪಾಯ ನಿಮ್ಮಂಥವರಿಗೇ ಹೆಚ್ಚು.

ಪ್ರಶ್ನೆ: ಕಿಟಕಿಯ ಗಾಜಿನಿಂದ ಬರುವ ಬಿಸಿಲು ಸಾಕೇ?

ಉತ್ತರ: ಸಾಲದು, ಗಾಜು ಯುವಿ-ಬಿಯನ್ನು ತಡೆಯುತ್ತದೆ. ಹೊರಗೆ ನಿಂತಾಗ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲಿನಲ್ಲಿ ಕಸುವಿದೆ ಎಂದು ತಿಳಿಯಿರಿ. ಕಪ್ಪು ಚರ್ಮದವರಿಗೆ ಹೆಚ್ಚು ಹೊತ್ತು ಬೇಕು. ಎಂಎಸ್ ಇರುವವರಿಗೆ ಮೈ ಬಿಸಿಯಾದರೆ ದೃಷ್ಟಿ ಮಂಜಾಗಿ, ಕಾಲು ಸೋಲುವುದುಂಟು. ತಣ್ಣಗಾದ ಮೇಲೆ ಅದು ಸರಿಹೋಗುತ್ತದೆ, ಆದರೂ ಅಂಥವರಿಗೆ ಬಿಸಿಲಿಗಿಂತ ಮಾತ್ರೆಯೇ ವಾಸಿ.