ಮಗುಗೆ ಜಿ6ಪಿಡಿ ಕೊರತೆ ಇದ್ರೆ ಬಾಣಂತಿ ಅವರೆಕಾಳು ತಿನ್ನಬಹುದಾ?

20 ದಿನದ ಗಂಡುಮಗು, ಸ್ಕ್ರೀನಿಂಗ್ ರಿಪೋರ್ಟಲ್ಲಿ ಜಿ6ಪಿಡಿ ಡಿಫಿಷಿಯಂಟ್ (ಅಂದ್ರೆ ಕೆಂಪು ರಕ್ತಕಣ ಕಾಪಾಡೋ ಒಂದು ಎನ್‌ಜೈಮ್ ಕಮ್ಮಿ) ಅಂತ ಬಂದಿದೆ, ಬಾಣಂತಿ ಅವರೆಕಾಳು ತಿನ್ನಬಹುದಾ, ಇದು ಯಾರ ಕಡೆಯಿಂದ ಬಂತು, ವಾಸಿ ಆಗತ್ತಾ ಅಂತ ಕೇಳಿದ್ದೀರ. ನನ್ನ ಮಗಂಗೂ ಇದೇ ಇದೆ, ಅವನಿಗೀಗ ಆರು ವರ್ಷ. ನಾನು ಲ್ಯಾಬ್ ಟೆಕ್ನಿಷಿಯನ್ ಬೇರೆ, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಬರೀತೀನಿ.

ಅವರೆಕಾಳು ತಿನ್ಲಿ, ಪಾಪ, ಸೊಗಡಿನ ಸೀಸನ್ ಇದು. ಈ ಕೊರತೆ ಇರೋರು ತಿನ್ನಬಾರದ್ದರ ಲಿಸ್ಟಲ್ಲಿ ಇರೋದು ಫಾವಾ ಬೀನ್ಸ್, ಉತ್ತರದ ಕಡೆ ಬಾಕ್ಲಾ ಅಂತಾರಲ್ಲ ಅದು. ಅದಕ್ಕೆ ಇಂಗ್ಲಿಷಲ್ಲಿ ಬ್ರಾಡ್ ಬೀನ್ಸ್ ಅಂತಲೂ ಹೆಸರಿದೆ, ನಮ್ಮವರು ಅವರೆಕಾಯಿಗೂ ಅದೇ ಹೆಸರು ಅಂಟಿಸಿಬಿಟ್ಟಿರೋದ್ರಿಂದ ಈ ಗೊಂದಲ. ಎರಡೂ ಬೇರೆ ಬೇರೆ ಗಿಡ. ಫಾವಾದಲ್ಲಿ ವೈಸಿನ್, ಕಾನ್‌ವೈಸಿನ್ ಅಂತ ಎರಡು ಪದಾರ್ಥ ಇದೆ, ತೊಂದರೆ ಕೊಡೋದು ಅವು, ತಾಯಿ ತಿಂದ್ರೆ ಹಾಲಲ್ಲೂ ಮಗುಗೆ ಹೋಗಬಹುದು. ಇದು ಗೊತ್ತಿಲ್ದೆ ನಾನು ಆ ವರ್ಷ ಪೂರ್ತಿ ಹಿತಕಿದ ಬೇಳೆ ಸಾರು ಮುಟ್ಟಲಿಲ್ಲ, ಎದುರಿಗೆ ಕೂತು ಎಲ್ರೂ ತಿಂತಿದ್ರು, ಆ ಸಿಟ್ಟು ಇನ್ನೂ ಇದೆ.

ಈ ಜಿ6ಪಿಡಿ ಮಾಡೋ ಕೆಲಸ ಏನಪ್ಪಾ ಅಂದ್ರೆ, ನಮ್ಮ ಕೆಂಪು ರಕ್ತಕಣ ಕಬ್ಬಿಣ ಮತ್ತು ಆಕ್ಸಿಜನ್ ಎರಡನ್ನೂ ಒಟ್ಟಿಗೆ ಹೊತ್ಕೊಂಡು 120 ದಿನ ಓಡಾಡತ್ತೆ, ಅಂದ್ರೆ ತುಕ್ಕು ಹಿಡಿಯೋಕೆ ಬೇಕಾಗಿದ್ದೆಲ್ಲ ಅದರ ಹೊಟ್ಟೆಯಲ್ಲೇ ಇದೆ. ಹಿಡೀದೆ ಇರೋದು ಗ್ಲುಟಾಥಯೋನ್ ಅನ್ನೋ ಕಾವಲು ಪದಾರ್ಥದಿಂದ, ಆ ಗ್ಲುಟಾಥಯೋನನ್ನ ಮತ್ತೆ ಮತ್ತೆ ರೆಡಿ ಮಾಡೋಕೆ ಎನ್‌ಎಡಿಪಿಎಚ್ ಅನ್ನೋ ಇನ್ನೊಂದು ಪದಾರ್ಥ ಬೇಕು, ಅದನ್ನ ತಯಾರು ಮಾಡೋ ದಾರಿಯ ಮೊದಲನೇ ಎನ್‌ಜೈಮೇ ಜಿ6ಪಿಡಿ. ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್‌ಗೆ ಬೇರೆ ದಾರಿನೂ ಇದೆ, ಕೆಂಪು ಕಣಕ್ಕೆ ಮೈಟೊಕಾಂಡ್ರಿಯಾನೂ ಇಲ್ಲ ನ್ಯೂಕ್ಲಿಯಸ್ಸೂ ಇಲ್ಲ, ಇದೊಂದೇ ಗತಿ. ಕೊರತೆ ಇರೋರಲ್ಲಿ ದಿನನಿತ್ಯದ ಖರ್ಚಿಗೆ ಸಾಲತ್ತೆ, ಆದ್ರೆ ಕೆಲವು ಔಷಧಿ, ಫಾವಾ, ಇಲ್ಲ ಜೋರು ಇನ್ಫೆಕ್ಷನ್ ಬಂದಾಗ ಒಮ್ಮೆಲೇ ಸಾಲ್ದೆ ಹೋಗಿ ಕಣಗಳು ಒಡೆಯೋಕೆ ಶುರುವಾಗತ್ತೆ. ಒಂದರಿಂದ ಮೂರು ದಿನದೊಳಗೆ ಮಗು ಬಿಳಿಚಿಕೊಳ್ಳೋದು, ಕಣ್ಣು ಹಳದಿ ಆಗೋದು, ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗೋದು ಕಂಡ್ರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ನಿಮ್ಮ ಮಗುಗೆ ಈ ವಯಸ್ಸಲ್ಲಿ ನಿಜವಾದ ಭಯ ಕಾಮಾಲೆ. ಕಣ ಒಡೆದಾಗ ಬರೋ ಹಳದಿ ಪದಾರ್ಥ ಬಿಲಿರುಬಿನ್ ತುಂಬಾ ಏರಿದ್ರೆ ಮೆದುಳಿಗೆ ಹಾನಿ ಆಗತ್ತೆ. ನನ್ನ ಮಗನ್ನ ಮೂರನೇ ದಿನವೇ ನೀಲಿ ಲೈಟ್ ಕೆಳಗೆ ಇಟ್ಟಿದ್ರು. ಮನೆಗೆ ಬಂದ್ಮೇಲೆ ನಮ್ಮತ್ತೆ ಟ್ರಂಕಲ್ಲಿ ಎತ್ತಿಟ್ಟಿದ್ದ ಹಳೇ ಕುಲಾವಿ, ಕಾಟನ್ ಸೀರೆ ಎಲ್ಲ ಪ್ರೀತಿಯಿಂದ ತೆಗೆದ್ರು, ಡಾಂಬರು ಗುಳಿಗೆ ವಾಸನೆ ಗಮ್ ಅಂತ ಬಂತು. ಅದೇ ನ್ಯಾಫ್ತಲೀನ್, ಈ ಮಕ್ಕಳಿಗೆ ವಿಷ ಅಂತಲೇ ತಿಳ್ಕೊಳ್ಳಿ, ಬಟ್ಟೆಯಿಂದ ಉಸಿರಲ್ಲೂ ಚರ್ಮದಲ್ಲೂ ಒಳಗೆ ಹೋಗತ್ತೆ. ಬೀರು, ಬಚ್ಚಲು ಎಲ್ಲಿದ್ರೂ ಇವತ್ತೇ ಎಸೀರಿ. ನಾಮಕರಣಕ್ಕೆ ಅಂತ ಮಗು ಕೈಗೆ ಗೋರಂಟಿನೂ ಹಚ್ಚಬೇಡಿ. ಲಸಿಕೆ ಮಾತ್ರ ಒಂದೂ ತಪ್ಪಿಸಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕೊಡಬಾರದ ಔಷಧಿಗಳಲ್ಲಿ ಮುಖ್ಯವಾಗಿ ಮಲೇರಿಯಾದ ಪ್ರೈಮಾಕ್ವಿನ್, ಡ್ಯಾಪ್ಸೋನ್, ಮೆಥಿಲೀನ್ ಬ್ಲೂ, ಉರಿಮೂತ್ರಕ್ಕೆ ಕೊಡೋ ನೈಟ್ರೊಫ್ಯುರಾಂಟೊಯಿನ್. ಇಂಟರ್ನೆಟ್ಟಲ್ಲಿ ಮಾರುದ್ದ ಲಿಸ್ಟ್ ಸಿಗತ್ತೆ, ಅರ್ಧಕ್ಕರ್ಧ ಹೆದರಿಸೋಕೆ ಅಷ್ಟೇ. ಪ್ಯಾರಾಸಿಟಮಾಲ್ ಸರಿಯಾದ ಡೋಸಲ್ಲಿ ಕೊಡಬಹುದು. ತಾಯಿ ಕಾರ್ಡ್ ಮೇಲೆ ಕೆಂಪು ಇಂಕಲ್ಲಿ ಜಿ6ಪಿಡಿ ಅಂತ ದಪ್ಪಕ್ಷರದಲ್ಲಿ ಬರೆದಿಡಿ, ಯಾವ ಡಾಕ್ಟರ್ ಹತ್ರ ಹೋದ್ರೂ ಮೊದಲು ಅದನ್ನೇ ಹೇಳಿ.

ಯಾರ ಕಡೆಯಿಂದ ಅನ್ನೋದು. ಈ ಎನ್‌ಜೈಮಿನ ಜೀನ್ ಇರೋದು ಎಕ್ಸ್ ಕ್ರೋಮೋಸೋಮಲ್ಲಿ, ಗಂಡುಮಗುಗೆ ಎಕ್ಸ್ ಬರೋದು ತಾಯಿಂದ ಮಾತ್ರ. ಇದನ್ನ ಮನೇಲಿ ಹೇಳೋವಾಗ ಹುಷಾರು, ನಮ್ಮನೇಲಿ ಒಂದು ತಿಂಗಳು 'ನಮ್ಮ ವಂಶದಲ್ಲಿ ಇರಲಿಲ್ಲ' ಅನ್ನೋ ಮಾತು ಕೇಳಿದೀನಿ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನಕ್ಕೆ ಇದೆ ಕಣ್ರಿ, ಮಲೇರಿಯಾ ಹೆಚ್ಚಿದ್ದ ಕಡೆಗಳಲ್ಲೇ ಜಾಸ್ತಿ, ಯಾಕಂದ್ರೆ ಜೋರು ಮಲೇರಿಯಾದಿಂದ ಇದು ಸ್ವಲ್ಪ ಕಾಪಾಡತ್ತೆ. ತಮಾಷೆ ನೋಡಿ, ಇದು ಪತ್ತೆ ಆಗಿದ್ದೇ ಮಲೇರಿಯಾ ಮಾತ್ರೆಯಿಂದ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಲ್ಲಿ ಕೈದಿಗಳ ಮೇಲೆ ಪ್ರೈಮಾಕ್ವಿನ್ ಪ್ರಯೋಗ ಮಾಡ್ತಿದ್ರು, ಕೆಲವರಿಗೆ ಮಾತ್ರ ರಕ್ತ ಒಡೀತಿತ್ತು, ಕಾರಣ ಈ ಎನ್‌ಜೈಮ್ ಕೊರತೆ ಅಂತ 1956ರಲ್ಲಿ ಗೊತ್ತಾಯ್ತು. ಕೈದಿಗಳ ಮೇಲೆ ಮಾಡಿದ್ದು ಸರಿನಾ ಅನ್ನೋದು ಬೇರೆ ಜಗಳ.

ವಾಸಿ ಆಗತ್ತಾ ಅಂದ್ರೆ, ಇಲ್ಲ, ಹುಟ್ಟಿಂದ ಬಂದಿದ್ದು ಇರತ್ತೆ, ಆದ್ರೆ ನನ್ನ ಮಗ ಬೀದಿ ತುಂಬಾ ಓಡಾಡ್ಕೊಂಡಿದಾನೆ, ದಿನಾ ತಗೊಳ್ಳೋ ಮಾತ್ರೆ ಒಂದೂ ಇಲ್ಲ.

ಟೆಸ್ಟ್ ಬಗ್ಗೆ ನಮ್ಮ ಕಸುಬಿನ ಮಾತೊಂದು. ರಕ್ತ ಒಡೆದ ಹೊತ್ತಲ್ಲೇ ಟೆಸ್ಟ್ ಮಾಡಿದ್ರೆ ಎನ್‌ಜೈಮ್ ಕಮ್ಮಿ ಇದ್ದ ಹಳೇ ಕಣಗಳೆಲ್ಲ ಸತ್ತಿರತ್ತೆ, ಉಳಿದಿರೋ ಹೊಸ ಕಣಗಳಲ್ಲಿ ಜಾಸ್ತಿ ಇರತ್ತೆ, ರಿಪೋರ್ಟ್ ನಾರ್ಮಲ್ ಅಂತ ಬಂದುಬಿಡಬಹುದು. ಅಂಥವರು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ನಿಮ್ಮದು ಬರೀ ಸ್ಕ್ರೀನಿಂಗ್ ಆಗಿರೋದ್ರಿಂದ ಎನ್‌ಜೈಮ್ ಎಷ್ಟಿದೆ ಅಂತ ಅಳೆಯೋ ಟೆಸ್ಟ್ ಯಾವಾಗ ಮಾಡಿಸೋದು ಅಂತ ಮಕ್ಕಳ ಡಾಕ್ಟರನ್ನ ಕೇಳಿ.

ಹಾಗೇ ನಿಮ್ಮ ಮಿಸೆಸ್‌ಗೆ ಅಣ್ಣತಮ್ಮಂದಿರಿದ್ರೆ ಅವರಿಗೂ ಮಾಡಿಸಿ. ನನ್ನ ತಮ್ಮ ಮಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಇದ್ದಾಗ ವೈವಾಕ್ಸ್ ಮಲೇರಿಯಾ ಬಂತು, 14 ದಿನದ ಪ್ರೈಮಾಕ್ವಿನ್ ಕೋರ್ಸ್ ಚೀಟಿ ಬರೆಸ್ಕೊಂಡು ಹೊರಗೆ ಬಂದವನು ಸುಮ್ನೆ ಫೋನ್ ಮಾಡಿದ್ದ, ನಾನು ಹೌಹಾರಿ ಮಾತ್ರೆ ನುಂಗಬೇಡ ಕಣೋ ಅಂದೆ. ಟೆಸ್ಟ್ ಮಾಡಿಸಿದ್ರೆ ಅವನಿಗೂ ಇತ್ತು, ಆಮೇಲೆ ಡಾಕ್ಟರು ವಾರಕ್ಕೊಂದು ಸಲದಂತೆ ಎಂಟು ವಾರ, ಪ್ರತಿ ಸಲ ರಕ್ತ ನೋಡ್ಕೊಂಡೇ ಕೊಟ್ರು.