ದೇವರೇ ಎಲ್ಲ ಮಾಡಿದರೆ ಪಾತ್ರಗಳಿಗೇನು ಕೆಲಸ?

ನಮಸ್ಕಾರ.

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. ಮೊದಲನೆಯ ಸಲ ಕರ್ತವ್ಯಕ್ಕೆ, ಎರಡನೆಯ ಸಲ 31ನೆಯ ಪುಟಕ್ಕಾಗಿ. ಆ ಪುಟದ ಮಾತಿಗೆ ಆಮೇಲೆ ಬರುತ್ತೇನೆ.

ಹೊಡೆದಾಟ, ರಕ್ತ, ಸೇಡು ನೋಡಿ ನೋಡಿ ಜನ ದಣಿದಿದ್ದಾರೆ, ದೇವರ ಮೇಲಿನ ಭರವಸೆಯನ್ನು ಮತ್ತೆ ಚಿಗುರಿಸುವ ಸಿನಿಮಾ ಮಾಡಬೇಕೆಂಬುದೇ ನನ್ನ ಆಸೆ ಎಂದು ಜೊತೆಗಿದ್ದ ಪತ್ರದಲ್ಲಿ ಬರೆದಿದ್ದೀರಿ. ಆ ಆಸೆ ನನಗೂ ಇದೆ. ನಂಬಿಕೆಯುಳ್ಳವರು ಸಿನಿಮಾ ಮಾಡಲೇಬೇಕು, ಇನ್ನೂ ಹೆಚ್ಚು ಜನ ಮಾಡಬೇಕು. ನನ್ನ ತಕರಾರಿರುವುದು ಆಸೆ ಕಾಗದಕ್ಕಿಳಿದ ರೀತಿಯ ಬಗ್ಗೆ.

ನಿಮ್ಮ ಕಥೆ ಇಷ್ಟು: ಅಪಘಾತದಲ್ಲಿ ಪ್ರಜ್ಞೆ ತಪ್ಪಿದ ಮಗ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ತಾಯಿ ಹಗಲಿರುಳು ಪ್ರಾರ್ಥಿಸುತ್ತಾಳೆ. ದೇವರನ್ನು ನಂಬದ ಅವಳ ತಮ್ಮ ಹಂಗಿಸುತ್ತಾನೆ. 112ನೆಯ ಪುಟದಲ್ಲಿ ಮಗ ಕಣ್ಣು ತೆರೆಯುತ್ತಾನೆ, ತಮ್ಮ ಮಂಡಿಯೂರುತ್ತಾನೆ, ಶುಭಂ. ಮಗ ಏಳುತ್ತಾನೆಂದು ನನಗೆ 5ನೆಯ ಪುಟದಲ್ಲೇ ಗೊತ್ತಾಯಿತು. ಅದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ತಾಯಿಗೂ ಅಷ್ಟೇ ಖಚಿತವಾಗಿ ಗೊತ್ತಿದೆಯಲ್ಲ, ಅದನ್ನು ಸಹಿಸುವುದು ಕಷ್ಟ. ಏಳದೇ ಹೋದರೆ ಎಂಬ ಅಳುಕು ಅವಳ ನಿದ್ದೆ ಕೆಡಿಸದಿದ್ದರೆ ಅವಳಲ್ಲಿರುವುದು ನಂಬಿಕೆಯಲ್ಲ, ಮುಂಗಡವಾಗಿ ಸಿಕ್ಕ ಸುದ್ದಿ.

1981ರಲ್ಲಿ ಬಂದ 'ಚಾರಿಯಟ್ಸ್ ಆಫ್ ಫೈರ್' ಎಂಬ ಇಂಗ್ಲಿಷ್ ಸಿನಿಮಾ ಸಿಕ್ಕರೆ ನೋಡಿ, ನಿಜವಾಗಿ ನಡೆದದ್ದನ್ನು ಆಧರಿಸಿದ್ದು. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಲಿಲ್ಲ. ಅದರ ಮೊದಲ ಸುತ್ತು ಭಾನುವಾರ ಬಿದ್ದಿತ್ತು, ಆ ದಿನ ದೇವರದು ಎಂಬುದು ಅವರ ನಿಷ್ಠೆ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಿಜ ಜೀವನದಲ್ಲಿ ಭಾನುವಾರದ ವಿಷಯ ಲಿಡೆಲ್ ಅವರಿಗೆ ತಿಂಗಳುಗಳ ಮೊದಲೇ ತಿಳಿದಿತ್ತು. ಚಿತ್ರಕಥೆ ಬರೆದ ಕಾಲಿನ್ ವೆಲೆಂಡ್ ಅದು ತಿಳಿಯುವುದನ್ನು ಎತ್ತಿಕೊಂಡು ಒಲಿಂಪಿಕ್ಸ್‌ಗೆ ಹೊರಟ ಹಡಗು ಹತ್ತುವ ಗಳಿಗೆಗೆ ತಂದಿಟ್ಟರು. ಈಗ ಹಿಂದೆ ಸರಿಯಲು ಜಾಗವಿಲ್ಲ, ಕಳೆದುಕೊಳ್ಳಲಿರುವುದು ಎಷ್ಟೆಂದು ಕಣ್ಣೆದುರಿಗೇ ಇದೆ. ಆ ಸಿನಿಮಾಕ್ಕೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಒಂದು ಈ ಚಿತ್ರಕಥೆಗೇ ಸಂದಿತು. ನಿಮ್ಮ ತಾಯಿಗೆ ಇಂಥ ಹಡಗಿನ ಮೆಟ್ಟಿಲು ಯಾವುದು? 112 ಪುಟಗಳಲ್ಲಿ ಅವಳು ತನ್ನ ನಂಬಿಕೆಗಾಗಿ ಏನನ್ನೂ ತೆತ್ತಿಲ್ಲ.

ಅದೇ ಸಿನಿಮಾದ ಅರ್ಧಭಾಗ ಇನ್ನೊಬ್ಬ ಓಟಗಾರ ಹೆರಾಲ್ಡ್ ಅಬ್ರಹಾಮ್ಸ್ ಅವರದು. ತಾನು ಯಹೂದಿ ಎಂದು ಕೀಳಾಗಿ ಕಂಡವರಿಗೆ ಉತ್ತರ ಕೊಡಲು ಓಡುವವರು. 100 ಮೀಟರ್ ಚಿನ್ನ ಅವರಿಗೆ ಸಿಗುತ್ತದೆ. ಲಿಡೆಲ್ ಅವರನ್ನು ಎತ್ತಲು ಅಬ್ರಹಾಮ್ಸ್ ಅವರನ್ನು ಯಾರೂ ತುಳಿದಿಲ್ಲ.

ನೀವು ತಮ್ಮನನ್ನು ತುಳಿದಿದ್ದೀರಿ. ಕುಡಿಯುತ್ತಾನೆ, ಜೂಜಾಡುತ್ತಾನೆ, 'ಹಲ್ಲು ಕಡಿಯುತ್ತ ನಗುತ್ತಾನೆ' ಎಂದು ಮೂರು ಕಡೆ ಬರೆದಿದ್ದೀರಿ. (ಎರಡನ್ನೂ ಒಟ್ಟಿಗೆ ಮಾಡಬಲ್ಲ ನಟ ಸಿಕ್ಕರೆ ನನಗೂ ತಿಳಿಸಿ.) ಆದರೆ 58ನೆಯ ಪುಟದಲ್ಲಿ ನರ್ಸ್ ಒಂದು ಮಾತು ಹೇಳಿ ಹೋಗುತ್ತಾಳೆ: ಆಸ್ಪತ್ರೆಯ ಬಿಲ್ ಕಟ್ಟಲು ಅವನು ತನ್ನ ಟ್ಯಾಕ್ಸಿ ಮಾರಿದ್ದಾನೆ. ಒಂದೇ ಸಾಲು. ತಾಯಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಎಂಬುದೂ ಇಲ್ಲ. ದೇವರನ್ನು ನಂಬದವನೊಬ್ಬ ಹೊಟ್ಟೆಪಾಡನ್ನೇ ಮಾರಿ ಅಕ್ಕನ ಮಗನನ್ನು ಉಳಿಸಲು ನಿಂತಿದ್ದಾನೆ, ಪ್ರಾರ್ಥಿಸುವವಳು ಅವನ ಮುಖ ನೋಡುತ್ತಿಲ್ಲ! ನಿಮ್ಮ ಸಿನಿಮಾ ಅಲ್ಲಿದೆ. ಅದು ನಿಮ್ಮ ಕೈಯಿಂದಲೇ ಬಂದಿದೆ, ಬಂದ ಕೂಡಲೇ ಹೆದರಿ ಮುಚ್ಚಿಟ್ಟಿದ್ದೀರಿ. ತನ್ನ ಪ್ರಾರ್ಥನೆಗೆ ಉತ್ತರ ಬಂದದ್ದು ಇವನ ಮೂಲಕವೇ ಇರಬಹುದೇ ಎಂದು ಅವಳಿಗೆ ಒಮ್ಮೆ ಹೊಳೆದರೆ, ಕೊನೆಯಲ್ಲಿ ಮಂಡಿಯೂರಬೇಕಾದವರು ಯಾರು?

ಇನ್ನು 31ನೆಯ ಪುಟ. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಿಂದ ತಾಯಿ ಮಗನ ಚಪ್ಪಲಿ ಹೊರತೆಗೆಯುತ್ತಾಳೆ. ಅಡಿಗೆ ಮೆತ್ತಿದ ಒಣ ಮಣ್ಣನ್ನು ಹೇರ್‌ಪಿನ್ನಿನಿಂದ ಕೆರೆಯುತ್ತಾಳೆ. ಒಂದು ಚಪ್ಪಲಿ ಮುಗಿಯುತ್ತದೆ. ಇನ್ನೊಂದನ್ನು ಎತ್ತಿಕೊಂಡವಳು ತಟ್ಟನೆ ನಿಲ್ಲುತ್ತಾಳೆ, ನೆಲಕ್ಕೆ ಬಿದ್ದ ಮಣ್ಣನ್ನು ಅಂಗೈಗೆ ಬಳಿದುಕೊಳ್ಳುತ್ತಾಳೆ. ಮಾತಿಲ್ಲ. ಅವನು ತುಳಿದ ಕೊನೆಯ ಮಣ್ಣು ಇದೇ ಆಗಿಬಿಟ್ಟರೆ ಎಂಬುದು ನನಗೆ ಕೇಳಿಸಿತು. ನಾನು ಹುಡುಕುತ್ತಿದ್ದ ಅಳುಕು ಇದೇ, ಇಡೀ ಚಿತ್ರಕಥೆಯಲ್ಲಿ ಇಲ್ಲೊಂದೇ ಕಡೆ ಇದೆ. ಮುಂದಿನ ಪುಟದಿಂದ ಅವಳು ದೇವರಿಗೆ ಮೂರು ಪುಟ ಭಾಷಣ ಮಾಡಿ ಎಲ್ಲವನ್ನೂ ಕೆಡಿಸುತ್ತಾಳೆ. ಪುಟಕ್ಕೊಂದು ನಿಮಿಷ ಎಂದು ಲೆಕ್ಕ ಹಿಡಿದರೂ ಮೂರು ನಿಮಿಷ. ಆ ಭಾಷಣ ಪೂರ್ತಿ ಹೋಗಲಿ, ಅಂಗೈಯ ಮಣ್ಣಿನಿಂದ ನೇರವಾಗಿ ಮರುದಿನ ಬೆಳಗಿಗೆ ಕತ್ತರಿಸಿ. 'ಹಿನ್ನೆಲೆಯಲ್ಲಿ ದೈವಿಕ ಸಂಗೀತ' ಎಂಬ ಸೂಚನೆಗಳನ್ನೂ ತೆಗೆಯಿರಿ. ಅದು ಸಂಗೀತ ನಿರ್ದೇಶಕರ ಕೆಲಸ.

ನಮ್ಮ ನಂಬಿಕೆಯವರು ಹೇಗೂ ಬಂದು ನೋಡುತ್ತಾರೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಬರುತ್ತಾರೆ, ತಪ್ಪುಗಳನ್ನೆಲ್ಲ ಮನ್ನಿಸಿ ಕಣ್ಣೀರೂ ಹಾಕುತ್ತಾರೆ. ಆ ಮನ್ನಣೆಯೇ ಇಂಥ ಸಿನಿಮಾಗಳನ್ನು ಸೋಮಾರಿ ಮಾಡಿಟ್ಟಿದೆ ಎಂಬುದು ನನ್ನ ಅನುಮಾನ. ನೀವು ತಮ್ಮನಂಥವರು ಬಂದು ಕೂರುತ್ತಾರೆಂದು ಬರೆಯಿರಿ.

ಮಗ ಕೊನೆಗೆ ಏಳಬೇಕೋ ಬೇಡವೋ ಎಂದು ನಾನು ಹೇಳಲಾರೆ, ಅದು ನಿಮ್ಮ ಅಧಿಕಾರ. ಪವಾಡ ಬೇಡವೆನ್ನುವವನೂ ನಾನಲ್ಲ. ಸದ್ಯಕ್ಕೆ ಪೂರ್ತಿ ತಿದ್ದಿ ಕಳುಹಿಸಬೇಡಿ. ಆ ತಮ್ಮ ತನ್ನ ಟ್ಯಾಕ್ಸಿ ಮಾರುವ ದೃಶ್ಯವೊಂದನ್ನೇ ಬರೆಯಿರಿ: ಕೊಳ್ಳುವವನ ಕೈಗೆ ಕೀ ಕೊಡುವ ಮುನ್ನ ಕಾರಿನೊಳಗಿಂದ ಅವನು ಏನನ್ನು ತೆಗೆದುಕೊಳ್ಳುತ್ತಾನೆ, ಏನನ್ನು ಬಿಟ್ಟುಬರುತ್ತಾನೆ. ನಾಲ್ಕು ಪುಟ ಸಾಕು. ಬಂದ ವಾರದಲ್ಲೇ ಓದುತ್ತೇನೆ.

ಇಂತಿ,
ಸಂಪಾದಕ