ಮಗನೋ, ಅಳಿಯನೋ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ತುಳುನಾಡಿನ ಗುತ್ತಿನ ಮನೆಗಳ, ಅಂದರೆ ಊರಿನ ಹಿರಿಯ ಭೂಮಾಲೀಕ ಮನೆತನಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ದಾವಣಗೆರೆಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಆಕ್ಷೇಪದ ಸಾರ ಇಷ್ಟು: ತಂದೆ ತನ್ನ ಆಸ್ತಿಯನ್ನು ಮಕ್ಕಳಿಗೆ ಬಿಟ್ಟುಹೋಗುವುದು ಮನುಷ್ಯಸಹಜ, ಅಕ್ಕತಂಗಿಯರ ಮಕ್ಕಳಿಗೆ ಆಸ್ತಿ ಹೋಗುವ ಅಳಿಯಸಂತಾನ ಆ ಸಹಜತೆಯ ಮೇಲೆ ಯಾರೋ ಹೇರಿದ ಕಟ್ಟು, ಆದ್ದರಿಂದಲೇ ಕಾನೂನು ಸಡಿಲವಾದೊಡನೆ ಅದು ಕುಸಿಯಿತು, ಹೀಗಿರುವಾಗ ಸಮಾಜವೇ ಮನಸ್ಸನ್ನು ರೂಪಿಸುತ್ತದೆ ಎಂದು ಲೇಖಕರು ಬರೆದಿರುವುದು ಅತಿಶಯೋಕ್ತಿ. ಜೊತೆಗೆ, ಆ ಪದ್ಧತಿಯನ್ನು ಹೆಣ್ಣಿನ ಆಳ್ವಿಕೆ ಎಂಬಂತೆ ಹೊಗಳುವುದು ಸರಿಯೇ ಎಂದೂ ಕೇಳಿದ್ದಾರೆ. ನಾಲ್ಕು ಸಾಲಿನಲ್ಲಿ ತೀರುವ ಪ್ರಶ್ನೆಗಳು ಇವಲ್ಲ.

ಮಾನ್ಯರೇ,

ತಾವು ಎತ್ತಿರುವ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ ಹೆಚ್ಚುಕಡಿಮೆ ತಮ್ಮದೇ ಆಗಿರುವುದರಿಂದ ಅದನ್ನು ಆಮೇಲೆ ನೋಡೋಣ. ಮೊದಲನೆಯದರಲ್ಲಿ ಮಾತ್ರ ತಮ್ಮೊಂದಿಗೆ ಸಹಮತವಿಲ್ಲ. ಅಳಿಯನೆಂದರೆ ಇಲ್ಲಿ ಮಗಳ ಗಂಡನಲ್ಲ, ಸೋದರಿಯ ಮಗ ಎಂಬುದನ್ನು ಇತರ ಓದುಗರಿಗಾಗಿ ಹೇಳಿ ಮುಂದುವರಿಯುತ್ತೇವೆ.

ಉಡುಪಿಯ ಆಸುಪಾಸಿನ ಯಾವುದಾದರೂ ಹಳೆಯ ಗ್ರಾಮವನ್ನು ತೆಗೆದುಕೊಳ್ಳಿ. ಒಂದೇ ಮಳೆ, ಒಂದೇ ಬಗೆಯ ಬೈಲುಗದ್ದೆ, ಮನೆಮಾತೂ ಒಂದೇ ತುಳು. ಅಲ್ಲಿನ ಶಿವಳ್ಳಿ ಬ್ರಾಹ್ಮಣರ ಮನೆಯಲ್ಲಿ ಆಸ್ತಿ ಮಗನಿಗೆ ಹೋಗುತ್ತಿತ್ತು; ಬೇಲಿಯಾಚೆಯ ಬಂಟರ ಮನೆಯಲ್ಲಿ, ಬಿಲ್ಲವರ ಮನೆಯಲ್ಲಿ, ಕಡಲ ಬದಿಯ ಮೊಗವೀರರ ಮನೆಯಲ್ಲಿ ಅದು ಹೆಣ್ಣಿನ ಸಂತತಿಯಲ್ಲಿ ಉಳಿಯುತ್ತಿತ್ತು. ಧರ್ಮದ ಕಾರಣ ಕೊಡೋಣವೆಂದರೆ ಜೈನರು ಅಡ್ಡ ಬರುತ್ತಾರೆ. ಬೆಳಗಾವಿಯ ಜೈನರದು ಮಕ್ಕಳಸಂತಾನ, ಅಂದರೆ ತಂದೆಯಿಂದ ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿ. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಕಾರ್ಕಳದ ಭೈರರಸರು ಜೈನರೇ ಆಗಿದ್ದೂ ಪಟ್ಟವನ್ನು ಸೋದರಿಯ ಸಂತತಿಗೆ ಕೊಟ್ಟವರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನಿಗೆ ಗಾದಿ ಬಂದದ್ದು ಸೋದರಮಾವ ತಿರುಮಲರಾಯನಿಂದ ಎಂದು ಪರಂಪರೆ ಹೇಳುತ್ತದೆ. ಇವರೆಲ್ಲ ತಲೆಮಾರುಗಟ್ಟಲೆ ತಮ್ಮ ಸಹಜ ಭಾವನೆಯನ್ನು ಹತ್ತಿಕ್ಕಿಕೊಂಡೇ ಬದುಕಿದರು ಎಂದು ನಂಬಬೇಕಾದರೆ ಬಹಳ ಧೈರ್ಯ ಬೇಕು.

ಅವರಿಗೆ ತಮ್ಮ ಮಕ್ಕಳ ಮೇಲೆ ಮಮತೆ ಇರಲಿಲ್ಲವೆಂದು ಇದರ ಅರ್ಥವಲ್ಲ. ಮಮತೆ ಇತ್ತು, ಆದರೆ ಭಯ, ಭಕ್ತಿ, ಶಿಸ್ತು, ನಿರೀಕ್ಷೆ ಇವೆಲ್ಲ ಬೇರೆ ದಾರಿಯಲ್ಲಿ ಹರಿಯುತ್ತಿದ್ದವು. ಹುಡುಗ ಎದುರು ನಿಲ್ಲಲು ಹೆದರುತ್ತಿದ್ದದ್ದು ತಮ್ಮಲೆಗೆ, ಅಂದರೆ ತಾಯಿಯ ಸೋದರನಿಗೆ. ಗದ್ದೆ, ದೈವದ ಚಾಕರಿ, ಗುತ್ತಿನ ಗೌರವ ಎಲ್ಲವೂ ಅವನ ಕೈಯಿಂದ ಬರಬೇಕಾಗಿದ್ದವು. ತಂದೆಯೊಂದಿಗೆ ಸಲುಗೆಯಿಂದ ಇರಬಹುದಾಗಿತ್ತು, ಏಕೆಂದರೆ ತಂದೆಯಿಂದ ಕಾಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಮಗನ ಒಳಗಿನ ಮುನಿಸು ತಂದೆಯ ಮೇಲೆಯೇ ಎಂದು ಮನೋವಿಶ್ಲೇಷಕ ಫ್ರಾಯ್ಡ್ ಸಾರಿದ್ದನ್ನು, ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಮಾತೃವಂಶೀಯ ಜನರ ನಡುವೆ ಬಾಳಿ ಬಂದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಪ್ರಶ್ನಿಸಿದರು. ಅಲ್ಲಿನ ಹುಡುಗನ ಮುನಿಸು ಸೋದರಮಾವನ ಕಡೆಗಿತ್ತು ಎಂಬುದು ಅವರ ವಾದ. ಹಳೆಯ ತುಳುನಾಡಿನ ಯಾವ ಅಳಿಯನಿಗೂ ಇದು ಹೊಸ ಸುದ್ದಿಯಾಗುತ್ತಿರಲಿಲ್ಲ.

ಪದ್ಧತಿ ಹೇರಿಕೆಯೆಂದು ತೋರಿಸಲು ತಾವು ಭೂತಾಳ ಪಾಂಡ್ಯನ ಕಥೆಯನ್ನು ನೆನೆದಿದ್ದೀರಿ. ಹಡಗು ನೀರಿಗಿಳಿಯಬೇಕಾದರೆ ಕುಂಡೋದರನೆಂಬ ಭೂತ ನರಬಲಿ ಕೇಳಿತು. ದೊರೆಯ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ಸತ್ಯವತಿ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಅವನನ್ನು ಉಳಿಸಿತು, ಅವನೇ ಬಾರಕೂರಿನಲ್ಲಿ ಅರಸನಾಗಿ ಅಳಿಯಕಟ್ಟನ್ನು ವಿಧಿಸಿದ. ಇದು ಚರಿತ್ರೆಯಲ್ಲ, ಸಮರ್ಥನೆ. ಪದ್ಧತಿ ಬೇರೂರಿದ ಮೇಲೆ ಅದನ್ನು ನ್ಯಾಯವೆಂದು ತೋರಿಸಲು ಹುಟ್ಟಿದ ಕಥೆ. ಕಥೆಯಲ್ಲಿ ಜಿಪುಣಿಯಾಗಿ ಕಾಣುವ ಆ ಹೆಂಡತಿ ಇಂದಿನ ಓದುಗನ ಕಣ್ಣಿಗೆ ಒಳ್ಳೆಯ ತಾಯಿಯಾಗಿ ಕಾಣುತ್ತಾಳೆ. ಕೇಳುವವರ ಸಮಾಜ ಬದಲಾದದ್ದೇ ಇದಕ್ಕೆ ಕಾರಣ.

ಈಗ ಕುಸಿತದ ವಿಷಯ. ಕಾನೂನು ಸಡಿಲವಾದೊಡನೆ ಬಿತ್ತು ಎಂಬುದು ಕಾಲಕ್ರಮಕ್ಕೆ ಹೊಂದುವುದಿಲ್ಲ. ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಡಿ ಎಂದು ಒಬ್ಬ ಸದಸ್ಯ ಬಲವಂತಪಡಿಸುವಂತಿಲ್ಲವೆಂದು 1860ರ ದಶಕದಲ್ಲೇ ಮದ್ರಾಸ್ ಹೈಕೋರ್ಟ್ ತೀರ್ಪಿತ್ತಿತು. ಅಂದರೆ ಕಟ್ಟು ಸಡಿಲವಾಗುವ ಮೊದಲು ಇಂಗ್ಲಿಷರ ನ್ಯಾಯಾಲಯದಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೆ ಆಮೇಲೆ ಬರಬರುತ್ತ ವಕೀಲಿಕೆ, ಸರಕಾರಿ ನೌಕರಿ, ಮುಂಬೈಯ ಹೋಟೆಲು ಇವು ಒಬ್ಬ ವ್ಯಕ್ತಿಯ ಕೈಗೆ ಹಣ ತಂದವು. ಗದ್ದೆಯ ಭತ್ತ ಕುಟುಂಬದ್ದು. ತಿಂಗಳ ಸಂಬಳ ಯಾರದು? ದುಡಿದವನು ಅದನ್ನು ದಾನಪತ್ರ, ವಿಲ್ಲುಗಳ ಮೂಲಕ ಹೆಂಡತಿ ಮಕ್ಕಳಿಗೆ ಸೇರಿಸತೊಡಗಿದ. ಇಲ್ಲಿ ತಮ್ಮ ಮಾತಿನಲ್ಲಿ ಸತ್ಯಾಂಶವಿದೆ: ಮಕ್ಕಳ ಮೇಲಿನ ಪ್ರೀತಿ ದಾರಿ ಹುಡುಕಿತು. ಆದರೆ ದಾರಿ ತೆರೆದದ್ದು ಸಂಪಾದನೆಯ ಸ್ವರೂಪ ಬದಲಾದದ್ದರಿಂದ. ಪಾಲಿಗೆ ಸ್ಪಷ್ಟ ಅವಕಾಶ ಕೊಟ್ಟ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದದ್ದು 1949ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿ. 1974ರಲ್ಲಿ ಭೂಸುಧಾರಣೆ ಜಾರಿಗೆ ಬಂದು ಚಾಲಗೇಣಿಯ, ಅಂದರೆ ಕಾಯಂ ಹಕ್ಕಿಲ್ಲದ ಗೇಣಿಯ ಗದ್ದೆಗಳು ಒಕ್ಕಲುಗಳ ಪಾಲಾದಾಗ, ಯಜಮಾನನ ಮಾತಿಗೆ ತೂಕ ಕೊಡುತ್ತಿದ್ದ ನೆಲವೇ ಹೋಯಿತು.

1949ರ ಆ ಕಾಯಿದೆಯ ಒಂದು ಅಂಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಾಲು ಕವರುಗಳಿಗೆ, ಅಂದರೆ ತಾಯಿಯೊಬ್ಬಳ ಸಂತತಿಯ ಕವಲುಗಳಿಗೆ ಸಲ್ಲುತ್ತಿತ್ತು. ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಅಕ್ಕತಂಗಿಯರಿಲ್ಲದೆ ಉಳಿದ ಒಬ್ಬ ಗಂಡಸಿಗೆ ಮನೆತುಂಬ ಮಕ್ಕಳಿದ್ದರೂ ಕಾಯಿದೆಯ ಲೆಕ್ಕದಲ್ಲಿ ಅವನು ನಿಸ್ಸಂತತಿ. ಸಂತತಿ ಕವರು ಬೇರೆ ಇದ್ದರೆ ಅವನಿಗೆ ಸಿಗುತ್ತಿದ್ದದ್ದು ಜೀವಿತಕಾಲದ ಹಕ್ಕು ಮಾತ್ರ. ಮದ್ರಾಸಿನ ವಿಧಾನಸಭೆ ಸ್ವಾತಂತ್ರ್ಯಾನಂತರ ಬರೆದ ವಾಕ್ಯವಿದು. ಯಾರು ತನ್ನ ಸಂತಾನ, ಯಾರು ಅಲ್ಲ ಎಂಬಷ್ಟು ಮೂಲಭೂತವಾದ ವಿಷಯವನ್ನೂ ಸಮಾಜವೇ ತೀರ್ಮಾನಿಸಿಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನಮಗೆ ಗೊತ್ತಿಲ್ಲ.

ಹೆಣ್ಣಿನ ಆಳ್ವಿಕೆಯ ಪ್ರಶ್ನೆಗೆ ಬಂದರೆ, ಆ ಹೊಗಳಿಕೆಯನ್ನು ನಾವೂ ಒಪ್ಪುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಹಿರಿಯ ಹೆಂಗಸು ಯಜಮಾನ್ತಿಯಾಗಬಹುದಿತ್ತು, ಆದವರೂ ಇದ್ದರು. ಆದರೂ ಬಹುಪಾಲು ಮನೆಗಳಲ್ಲಿ ಲೆಕ್ಕಪತ್ರ, ಗೇಣಿ, ಕೋರ್ಟು ಕಚೇರಿ ಸೋದರಮಾವನ ಕೈಯಲ್ಲೇ ಇದ್ದವು. ವಂಶ ಹೆಣ್ಣಿನದು, ಅಧಿಕಾರ ಹೆಚ್ಚಾಗಿ ಅವಳ ಸೋದರನದು. ಹಾಗೆಂದು ಅವಳಿಗೆ ದಕ್ಕಿದ್ದು ಅಲ್ಪವೂ ಅಲ್ಲ. ಗಂಡ ಸತ್ತರೆ ಅವಳು ಮಕ್ಕಳೊಂದಿಗೆ ಮರಳುತ್ತಿದ್ದದ್ದು ತನ್ನ ಹಕ್ಕಿನ ಮನೆಗೆ, ಅಣ್ಣತಮ್ಮಂದಿರ ದಯೆಗಲ್ಲ. ವಿಧವೆಯ ಮರುಮದುವೆಗೂ ಬಂಟರಲ್ಲಿ ಅಡ್ಡಿ ಇರಲಿಲ್ಲ.

ಆಸ್ತಿಯ ಕಟ್ಟು ಬಿಚ್ಚಿದ ಮೇಲೂ ಉಳಿದದ್ದೇನು ಎಂಬುದು ನಾಗರ ತಂಬಿಲದ, ಅಂದರೆ ನಾಗಪೂಜೆಯ ದಿನ ಕುಟುಂಬದ ನಾಗಬನಕ್ಕೆ ಹೋದವರಿಗೆ ಕಾಣುತ್ತದೆ. ಕಲ್ಲುಗಳಿಗೆ ಹಾಲು, ಸೀಯಾಳ, ಅರಿಶಿನ ಎರೆದು ಹಿಂಗಾರ ಇಡುವಾಗ ಮುಂಬೈಯಿಂದ ಬಂದ ಗಂಡಸು ಕುಟುಂಬದವನಾಗಿ ನಿಲ್ಲುವುದು ಅಕ್ಕತಂಗಿಯರೊಂದಿಗೆ, ಅವರ ಮಕ್ಕಳೊಂದಿಗೆ. ಅವನ ಸ್ವಂತ ಮಕ್ಕಳು ಅಲ್ಲಿ ಪ್ರಸಾದ ತೆಗೆದುಕೊಳ್ಳುವ ಅತಿಥಿಗಳು; ಅವರ ಬನ ತಾಯಿಯ ಕುಟುಂಬದ್ದು, ಬೇರೆ ಊರಿನಲ್ಲಿದೆ. ಅವನ ಫ್ಲ್ಯಾಟು ಆ ಮಕ್ಕಳಿಗೇ ಹೋಗುತ್ತದೆ, ಹೆಸರಿನ ಹಿಂದೆ ಅವನ ಉಪನಾಮವೂ ಇರಬಹುದು. ಆದರೆ ಮದುವೆಯ ಮಾತು ಬಂದಾಗ ಹಿರಿಯರು ಕೇಳುವ ಬರಿ, ಅಂದರೆ ಗೋತ್ರದಂತಹ ವಂಶದ ಹೆಸರು, ತಾಯಿಯದೇ, ಒಂದೇ ಬರಿಯಾದರೆ ಸಂಬಂಧ ಕೂಡಿಬರುವುದಿಲ್ಲ. ಹಣಕ್ಕೆ ಒಂದು ವಂಶ, ದೈವನಾಗರಿಗೆ ಇನ್ನೊಂದು ವಂಶ. ಇದರಲ್ಲಿ ವಿರೋಧವಿದೆಯೆಂದು ಅಲ್ಲಿನವರಿಗೆ ಅನಿಸುವುದೇ ಇಲ್ಲ.

ಇನ್ನು, ಪದ್ಧತಿ ಸಂಪೂರ್ಣ ಅಳಿದಿದೆ ಎಂಬ ತಮ್ಮ ಮಾತಿಗೆ ಒಂದು ತಿದ್ದುಪಡಿ. 1956ರ ಕಾಯಿದೆಯ 17ನೆಯ ಕಲಮು ಹಿಂದೆ ಅಳಿಯಸಂತಾನಕ್ಕೆ ಒಳಪಟ್ಟಿದ್ದವರಿಗೆ ಇಂದಿಗೂ ಬೇರೆ ಕ್ರಮವನ್ನು ಇಟ್ಟಿದೆ. ದಾವಣಗೆರೆಯಲ್ಲಿ ಮಕ್ಕಳಿಲ್ಲದ ವಿಧವೆಯೊಬ್ಬಳು ವಿಲ್ಲು ಬರೆಯದೆ ತೀರಿಕೊಂಡರೆ, ಅವಳು ಸ್ವತಃ ದುಡಿದು ಕೊಂಡ ಮನೆ ಮೊದಲು ಸೇರುವುದು ಗಂಡನ ವಾರಸುದಾರರಿಗೆ. ಅವರಾರೂ ಇಲ್ಲದಿದ್ದರೆ ಮಾತ್ರ ಹೆತ್ತವರ ಸರದಿ. ಮಂಗಳೂರಿನ ಬಂಟರ ಹೆಣ್ಣುಮಗಳ ವಿಷಯದಲ್ಲಿ ತಾಯಿ ಅವಳ ಮಕ್ಕಳೊಂದಿಗೆ ಮೊದಲನೆಯ ಸಾಲಿನಲ್ಲಿದ್ದಾಳೆ, ಗಂಡ ಬದುಕಿದ್ದರೂ ಎರಡನೆಯ ಸಾಲಿನಲ್ಲಿದ್ದಾನೆ. ಈ ಎರಡು ಕ್ರಮಗಳಲ್ಲಿ ಮನುಷ್ಯಸಹಜವಾದದ್ದು ಯಾವುದೆಂದು ತಾವು ತಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕೇಳಿ ಬರೆದರೆ, ಆ ಪತ್ರವನ್ನೂ ಪ್ರಕಟಿಸಲು ನಾವು ಸಿದ್ಧರಿದ್ದೇವೆ.

ಸಂಪಾದಕ